ಮುಳ್ಳಣ್ಣ ರೊಬಾಟಾ ಸುಟ್ಟ ಭಾನುವಾರ

"ಅಡುಗೆ ಅಂದ್ರೇನು ಮಹಾ! ಇದ್ದಲು, ಬೆಂಕಿ, ಒಂದಿಷ್ಟು ತಾಳ್ಮೆ. ಮೂರೂ ನನ್ನ ಹತ್ರ ಇದೆ!"

ಮುಳ್ಳಣ್ಣ ಎದೆ ಸೆಟೆಸಿ ಹೀಗೆ ಘೋಷಿಸಿದ ಕೂಡಲೇ ಅವನ ಹೆಂಡತಿ ಕಾಫಿ ಲೋಟ ಕೆಳಗಿಟ್ಟಳು. ಗಂಡ ಎದೆ ಸೆಟೆಸಿದಾಗ ಕೈಯಲ್ಲಿ ಬಿಸಿಯದ್ದೇನೂ ಇರಬಾರದು ಎಂಬುದು ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಕಲಿತ ಪಾಠ.

ಮುಳ್ಳಣ್ಣನದು ಗಡಿಯಾರ ರಿಪೇರಿ ಕಸುಬು. ದಿನವಿಡೀ ಮುಳ್ಳು ಕೀಳುವುದು, ಮುಳ್ಳು ಕೂರಿಸುವುದು. ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದರು. ಮಗ್ಗುಲಲ್ಲೇ ಇರುವವಳಿಗೆ ಮಾತ್ರ ಆ ಹೆಸರಿನ ಪೂರ್ತಿ ಅರ್ಥ ಗೊತ್ತಿತ್ತು.

ವಿಷಯ ಏನೆಂದರೆ, ಮನೆಯ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ಮಹಡಿಯ ಮೇಲಿರುವ ಮನೆಯೊಡತಿ ರಿಟೈರಾದ ಹೆಡ್‌ಮೇಡಂ. ಅವರಿಗೆ ಬೇರೆ ಬಾಡಿಗೆದಾರರು ಸಿಕ್ಕಿಬಿಟ್ಟಿದ್ದರು. ಆ ಗಂಡ ಹೆಂಡತಿ ಇಬ್ಬರೂ ಪಿಸುಮಾತಿನವರು. ಮನೆ ನೋಡಲು ಬಂದು ಹೋದದ್ದೇ ಯಾರಿಗೂ ಗೊತ್ತಾಗಿರಲಿಲ್ಲ. "ಯೋಚನೆ ಮಾಡಿ ಸೋಮವಾರ ಹೇಳ್ತೀನಿ" ಎಂದಿದ್ದರು ಮೇಡಂ. ಹೆಂಡತಿ ಕೆಲಸ ಮಾಡುವ ಔಷಧದಂಗಡಿ ಇಲ್ಲಿಂದ ಮೂರು ನಿಮಿಷದ ದಾರಿ, ಮಗಳ ಸ್ಕೂಲು ಬೀದಿ ಕೊನೆಯಲ್ಲಿ. ಈ ಮನೆ ಬಿಟ್ಟರೆ ಮೂರು ಬಸ್ಸು ಬದಲಿಸುವ ಬದುಕು! ಅದನ್ನು ನೆನೆದು ಹೆಂಡತಿಗೆ ವಾರದಿಂದ ನಿದ್ದೆಯಿಲ್ಲ.

"ಮೇಡಂ ಅವರನ್ನ ಇವತ್ತು ಸಂಜೆ ಊಟಕ್ಕೆ ಕರೆದಿದ್ದೀನಿ. ರೊಬಾಟಾ ಮಾಡ್ತೀನಿ" ಎಂದ ಮುಳ್ಳಣ್ಣ.

"ರೋಬೋಟಾ? ಅಡುಗೆ ಮಾಡುತ್ತಾ ಅಪ್ಪಾ?" ಎಂದು ಮಗಳು ಕುಣಿದಳು.

"ರೋಬೋಟ್ ಅಲ್ಲ ಪುಟ್ಟೀ, ರೊಬಾಟಾ! ಜಪಾನಿನವರ ಪದ್ಧತಿ. ಕೆಂಡದ ಮೇಲೆ ಸುಟ್ಟು, ಆರಡಿ ಉದ್ದದ ಮರದ ಹಲಗೆ ಮೇಲಿಟ್ಟು, ಕೂತಲ್ಲಿಗೇ ಚಾಚಿ ಬಡಿಸೋದು."

"ರೀ, ಕೈಗೆ ಕೊಟ್ರೆ ಆಗಲ್ವಾ?"

"ಆಗುತ್ತೆ. ಆದ್ರೆ ಅದು ರೊಬಾಟಾ ಆಗಲ್ಲ!"

"ನಿಮಗೆ ಒಲೆ ಹಚ್ಚೋಕೆ ಲೈಟರ್ ಎಲ್ಲಿದೆ ಅಂತಾನೇ ಗೊತ್ತಿಲ್ಲ."

"ಲೇ, ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸೋ ಕೈ ಕಣೇ ಇದು!"

ಆ ಕೈ ಮಧ್ಯಾಹ್ನದೊಳಗೆ ಹಿತ್ತಲಲ್ಲಿ ಒಂದು ಪುಟ್ಟ ಜಪಾನನ್ನೇ ಸೃಷ್ಟಿಸಿತು. ತಗಡಿನ ಪೆಟ್ಟಿಗೆಯ ಒಲೆ, ಅದರ ಮುಂದೆ ಅತಿಥಿಗಳಿಗೆ ಬೆಂಚು, ಬೆಂಚಿನ ಹಿಂದಿನ ಬಟ್ಟೆ ಹಗ್ಗಕ್ಕೆ ಶೋಭೆಗೆಂದು ಒಂದು ಕಾಗದದ ಲಾಟೀನು. ಅದರ ಪಕ್ಕದಲ್ಲೇ ಮೇಡಂ ಅವರ ಬೆಡ್‌ಶೀಟ್ ಒಣಗುತ್ತಿತ್ತು. ಸಂಸಾರದಲ್ಲಿ ಬೆಡ್‌ಶೀಟ್ ಇರುವುದೇ ಒಣಗುವುದಕ್ಕೆ ಎಂದು ಮುಳ್ಳಣ್ಣ ಅದನ್ನು ಹಾಗೇ ಬಿಟ್ಟ.

ಇದ್ದಲೋ, ಮಾಮೂಲಿ ಇದ್ದಲಲ್ಲ. ಒಂದಕ್ಕೊಂದು ತಾಗಿಸಿದರೆ ಟಣ್ ಎನ್ನುವ ಗಟ್ಟಿ ಇದ್ದಲು. ನಾಲ್ಕು ಗಂಟೆಗೆ ಹಚ್ಚಲು ಕೂತವನು ಎರಡು ಬೆಂಕಿಪೊಟ್ಟಣ, ಒಂದು ವಾರದ ಪೇಪರು, ಮಗಳ ಹಳೇ ಲೆಕ್ಕದ ಪುಸ್ತಕ ಎಲ್ಲವನ್ನೂ ಆಹುತಿ ಕೊಟ್ಟ. ಐದೂಮುಕ್ಕಾಲಿಗೆ ಒಂದು ಮೂಲೆ ಕೆಂಪಾಯಿತು. "ಹೊತ್ತಿತು!" ಎಂದು ಅವನು ಹಾರಿದ ಹಾರಾಟಕ್ಕೆ ಅರ್ಧ ಬೂದಿ ಅವನ ಮೀಸೆಯ ಮೇಲೇ ಕೂತಿತು.

ಆರಕ್ಕೆ ಸರಿಯಾಗಿ ಮೇಡಂ ಇಳಿದು ಬಂದರು. ಜೊತೆಗೆ ಹೆಂಡತಿಯ ತಮ್ಮನೂ ಬಂದ. ಅವನು ಬಸ್ ಡ್ರೈವರ್. ಹಾರನ್ ಕೆಟ್ಟ ದಿನವೂ ಬಸ್ ಓಡಿಸಬಲ್ಲ ಗಂಟಲು. ಇಬ್ಬರನ್ನೂ ಮಗಳನ್ನೂ ಬೆಂಚಿನ ಮೇಲೆ ಕೂರಿಸಿ ಮುಳ್ಳಣ್ಣ ನಿಯಮ ಹೇಳಿದ.

"ನೋಡಿ ಮೇಡಂ, ರೊಬಾಟಾ ಅಂಗಡೀಲಿ ಅಡುಗೆಯವನು ಏನು ಕೂಗ್ತಾನೋ ಅದನ್ನೇ ಎಲ್ಲರೂ ಒಟ್ಟಿಗೆ ವಾಪಸ್ ಕೂಗಬೇಕು. ನಾನು ಏನೇ ಕೂಗಲಿ, ನೀವೂ ಅದನ್ನೇ ಕೂಗಿ. ತಪ್ಪಬಾರದು!"

ಮೂವತ್ತೈದು ವರ್ಷ ಮಕ್ಕಳ ಬಾಯಲ್ಲಿ ಮಗ್ಗಿ ಕೂಗಿಸಿದವರಿಗೆ ಇದಕ್ಕಿಂತ ಸುಖ ಬೇಕೆ? ಮೇಡಂ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಜೋಳ ಒಂದೂ!"

"ಜೋಳ ಒಂದೂ!"

ಹಲಗೆ ಚಾಚಿಕೊಂಡು ಹೋಗಿ ಸುಟ್ಟ ಜೋಳ ಮೇಡಂ ಮೂಗಿನ ಮುಂದೆ ನಿಂತಿತು. ಮೇಡಂ ನಕ್ಕರು! ಆರು ವರ್ಷದಲ್ಲಿ ಮುಳ್ಳಣ್ಣ ಆ ಹಲ್ಲುಗಳನ್ನು ನೋಡಿದ್ದು ಅದೇ ಮೊದಲು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿಗೆ ಹೋದ ಜೀವ ಬಂದಂತಾಯಿತು. ಅವಳು ನಿರಾಳವಾಗಿ ತರಕಾರಿ ತೊಳೆಯಲು ಹೋದಳು.

ಆದರೆ ಮೀನಿನ ಸರದಿ ಬರುವಷ್ಟರಲ್ಲಿ ಕೆಂಡ ಮಂಕಾಯಿತು. ಬೀಸಣಿಗೆಯಿಂದ ಬೀಸಿದ, ಬಾಯಿಂದ ಊದಿದ, ಏನೂ ಆಗಲಿಲ್ಲ. ಆಗ ಅವನ ಮಹಾ ಮೆದುಳಿಗೆ ಹೆಂಡತಿಯ ಹೇರ್‌ಡ್ರೈಯರ್ ಹೊಳೆಯಿತು! ಉದ್ದ ವೈರ್ ಎಳೆದು ತಂದು ಪೂರ್ತಿ ವೇಗಕ್ಕೆ ತಿರುಗಿಸಿದ. ಒಲೆಯಿಂದ ಕಿಡಿಗಳು ಎದ್ದು, ಮೂವರ ತಲೆಯ ಮೇಲಿಂದ ಹಾರಿ, ನೇರ ಕಾಗದದ ಲಾಟೀನಿನಲ್ಲಿ ಇಳಿದವು.

"ಬೆಂಕಿ!" ಎಂದು ಕೂಗಿದ ಮುಳ್ಳಣ್ಣ.

"ಬೆಂಕೀ!" ಎಂದರು ಮೂವರೂ.

"ಅಯ್ಯೋ, ನಿಜವಾಗ್ಲೂ ಬೆಂಕಿ!"

"ಅಯ್ಯೋ, ನಿಜವಾಗ್ಲೂ ಬೆಂಕೀ!"

"ಆಟ ಅಲ್ಲ! ಹಿಂದೆ ನೋಡ್ರೋ!"

"ಆಟ ಅಲ್ಲ! ಹಿಂದೆ ನೋಡ್ರೋ!" ಎಂದು ಭಾವಮೈದುನ ಬೀದಿ ನಡುಗುವಂತೆ ಕೂಗಿದ. ಯಾರೂ ಹಿಂದೆ ನೋಡಲಿಲ್ಲ. ಮೇಡಂ ಮಾತ್ರ ಬೆರಳೆತ್ತಿ, "'ಅಯ್ಯೋ' ತುಂಬಾ ಚೆನ್ನಾಗಿ ಬಂತು. 'ಆಟ' ಅನ್ನೋದು ಕೊನೇ ಬೆಂಚಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ!" ಎಂದರು.

ಮುಳ್ಳಣ್ಣ ಗಾಬರಿಯಲ್ಲಿ ಹಲಗೆಯನ್ನೇ ಅವರ ತಲೆಯ ಮೇಲಿಂದ ಚಾಚಿ ಲಾಟೀನನ್ನು ಬೀಳಿಸಲು ನೋಡಿದ. ಬಡಿಸಲು ಬಂತೆಂದು ಮೂವರೂ ಕೈಯೊಡ್ಡಿದರು! ಹಲಗೆ ತಾಗಿದ ಲಾಟೀನು ಜೋಲಿ ಹೊಡೆದು ಮೇಡಂ ಅವರ ಬೆಡ್‌ಶೀಟನ್ನು ಅಪ್ಪಿಕೊಂಡಿತು.

"ನೀರು! ಯಾರಾದ್ರೂ ನೀರು ತನ್ನಿ!"

"ನೀರು! ಯಾರಾದ್ರೂ ನೀರು ತನ್ನೀ!"

ಈ ಭಜನೆ ಕೇಳಿ ಕಿಟಕಿಗೆ ಬಂದ ಹೆಂಡತಿ ಒಂದೇ ಒಂದು ಕ್ಷಣ ನೋಡಿದಳು. ಮರುಕ್ಷಣ ತರಕಾರಿ, ಅಣಬೆ ನೆನೆಹಾಕಿದ್ದ ದೊಡ್ಡ ಟಬ್ಬನ್ನು ಸೊಂಟಕ್ಕಿಟ್ಟು ಓಡಿಬಂದು, ಲಾಟೀನು, ಬೆಡ್‌ಶೀಟು, ಅತಿಥಿಗಳು ಎನ್ನದೆ ಎಲ್ಲಕ್ಕೂ ಸೇರಿಸಿ ಎರಚಿದಳು. ಚುಸ್ ಎಂದು ಹೊಗೆ ಎದ್ದಿತು. ಬೆಂಕಿ ಸತ್ತಿತು. ಮೇಡಂ ಅವರ ಮುಡಿಯಲ್ಲಿ ಒಂದು ಅಣಬೆ ಅರಳಿ ನಿಂತಿತು.

"ನಿಮಗ್ಯಾರಿಗೂ ತಲೆ ಇಲ್ವಾ?" ಎಂದು ಅರಚಿದಳು ಅವಳು.

"ನಿಮಗ್ಯಾರಿಗೂ ತಲೆ ಇಲ್ವಾ!" ಎಂದು ಮಗಳೊಬ್ಬಳೇ ಕೂಗಿದಳು. ಆಮೇಲೆ ಅವಳಿಗೂ ಅನುಮಾನ ಬಂತು.

ಮೇಡಂ ನಿಧಾನವಾಗಿ ಹಿಂದೆ ತಿರುಗಿ, ನಡುವೆ ಕಿಟಕಿಯಷ್ಟು ಸುಟ್ಟು ತೂತು ಬಿದ್ದ ತಮ್ಮ ಬೆಡ್‌ಶೀಟನ್ನು ನೋಡಿದರು. ಮೈಯಿಂದ ನೀರು ಸುರಿಸುತ್ತ ಮೆಟ್ಟಿಲು ಹತ್ತಿ ಹೋದರು. ಮುಗಿಯಿತು ಕಥೆ! ಮುಳ್ಳಣ್ಣನ ಕಣ್ಣ ಮುಂದೆ ಮೂರು ಬಸ್ಸುಗಳೂ ಸಾಲಾಗಿ ಬಂದು ನಿಂತವು. ಹೆಂಡತಿ ಬೈಯಲೂ ಇಲ್ಲ; ಸುಮ್ಮನೆ ಅವನ ಕೈಯ ಸುಟ್ಟ ಗುಳ್ಳೆಗಳಿಗೆ ಮುಲಾಮು ಹಚ್ಚಿದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

ಸೋಮವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮೇಡಂ! ಕೈಯಲ್ಲಿ ಒಂದು ಕವರು.

"ಬೆಡ್‌ಶೀಟ್ ಹೊಸದು ತಂದುಕೊಡ್ತೀನಿ ಮೇಡಂ, ಹಿತ್ತಲ ಗೋಡೆಗೆ ಹತ್ತಿದ ಮಸೀನೂ ನಾನೇ..."

"ನೀವು ಸುಮ್ನಿರಿ" ಎಂದ ಮೇಡಂ ಅವನ ಹೆಂಡತಿಯ ಕಡೆ ತಿರುಗಿದರು. "ನೋಡಮ್ಮಾ, ರಾತ್ರಿ ಯೋಚಿಸಿದೆ. ಆ ಪಿಸುಮಾತಿನವರ ಕಾಲದಲ್ಲಿ ಬೆಂಕಿ ಬಿದ್ದಿದ್ರೆ ನಾನು ಸುಟ್ಟು ಬೂದಿಯಾದ್ಮೇಲೆ ಅವರು ಕೂಗ್ತಿದ್ರು. ನೀನೋ, ಹತ್ತು ಎಣಿಸೋದ್ರೊಳಗೆ ಆರಿಸಿಬಿಟ್ಟೆ. ನಿನ್ನಂಥವಳು ಕೆಳಗಿದ್ರೆ ಮೇಲೆ ನಂಗೆ ನಿದ್ದೆ ಬರುತ್ತೆ. ಇನ್ನೂ ಮೂರು ವರ್ಷ ಇರಿ."

ಹೆಂಡತಿ ಅಳುತ್ತಲೇ ನಕ್ಕಳು. ಮುಳ್ಳಣ್ಣನ ಎದೆಯ ಮೇಲಿಂದ ಬಂಡೆ ಇಳಿದು, ಎದೆ ತಾನಾಗೇ ಮತ್ತೆ ಸೆಟೆಯಿತು. ಕವರಿನಿಂದ ಕರಾರುಪತ್ರ ತೆಗೆದು ಗತ್ತಿನಿಂದ ಓದತೊಡಗಿದ. ಬಾಡಿಗೆದಾರರು ಎಂಬಲ್ಲಿ ಹೆಂಡತಿಯ ಹೆಸರಿತ್ತು. ಆಗಲಿ, ಪರವಾಗಿಲ್ಲ. ಜೊತೆಯಲ್ಲಿ ವಾಸಿಸುವವರು ಎಂಬಲ್ಲಿ ಮಗಳು ಮಾತ್ರ ಇದ್ದಳು.

"ಮೇಡಂ, ನನ್ನ ಹೆಸರು ಬಿಟ್ಟುಹೋಗಿದೆ."

"ಬಿಟ್ಟಿಲ್ಲ. ಕೆಳಗೆ ಓದಿ."

ಕೆಳಗೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಸಾಕುಪ್ರಾಣಿಗಳು: ಗಂಡ, ಒಂದು. ಇದರಿಂದಾಗುವ ಹಾನಿಗೆಲ್ಲ ಬಾಡಿಗೆದಾರರೇ ಹೊಣೆ. ಹಿತ್ತಲಿಗೆ ಬಿಡುವಾಗ ಇದರ ಮೇಲೆ ಕಣ್ಣಿಟ್ಟಿರತಕ್ಕದ್ದು."

ಹೆಂಡತಿ ಪೆನ್ನು ತೆಗೆದು, ಒಂದಕ್ಷರ ತಿದ್ದದೆ ಸಹಿ ಹಾಕಿದಳು.