ಮೇಲ್ಹಲ್ಲಿಗೆ ಹೆದರಿದ ನಮ್ಮಣ್ಣ

ನಮ್ಮಣ್ಣ ಹಲ್ಲಿಲ್ಲದ ಬಾಯಿಗೆ ಹೆದರುತ್ತಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಲೋಕದಲ್ಲಿ ಎಲ್ಲರೂ ಹೆದರುವುದು ಹಲ್ಲಿರುವ ಬಾಯಿಗೆ ತಾನೆ? ನಾಯಿ, ಹಾವು, ಕೋತಿ, ಕೆಲವರ ಮನೆಯಲ್ಲಿ ಅತ್ತೆ! (ನಮ್ಮತ್ತೆಯಲ್ಲ. ಅವರಿಗೆ ಆ ಹೊತ್ತಿಗೆ ಉಳಿದಿದ್ದ ಹಲ್ಲುಗಳೆಲ್ಲ ಎಲೆಅಡಿಕೆಗೇ ಮೀಸಲು.) ಹಳೇಬೀಡಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅಣ್ಣ, ಅಂಗಡಿಗೆ ನುಗ್ಗಿದ ನಾಗರಹಾವನ್ನು ಪಂಪಿನ ತುದಿಯಲ್ಲಿ ಎತ್ತಿ ಕೆರೆ ಏರಿಯ ಮೇಲೆ ಬಿಟ್ಟು, ಏನೂ ಆಗದವನಂತೆ ಬಂದು ಪಂಕ್ಚರ್ ಹಾಕಲು ಕೂತವನು. ಅಂಥವನು ಎಳೆಮಗುವಾಗಿದ್ದ ನನ್ನ ಮಗಳು ಬಾಯಿ ತೆರೆದರೆ ಓಡುತ್ತಿದ್ದ.

ಕಾರಣ ನಮ್ಮ ಕಡೆಯವರಿಗೆ ಗೊತ್ತು. ಮಗುವಿಗೆ ಮೊದಲು ಕೆಳಹಲ್ಲು ಬರಬೇಕು. ಮೇಲ್ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಅನ್ನುತ್ತಾರೆ. ನನ್ನ ಮಗಳಿಗೆ ಇದ್ದ ಸೋದರಮಾವ ಅವನೊಬ್ಬನೇ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಎಂದರೂ ಅವನೊಬ್ಬನೇ. ತಾನು ಮದುವೆಯಾಗದೆ ನನ್ನನ್ನು ಸಾಕಿ, ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಗೆ ಕೊಟ್ಟಿದ್ದ. ನಾಮಕರಣಕ್ಕೆ ಬಂದಾಗ ಮಗುವನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ.

ಆಮೇಲೊಂದು ದಿನ ನಮ್ಮತ್ತೆ ಮಗುವಿನ ಬಾಯೊಳಗೆ ಬೆರಳಾಡಿಸಿ, "ಮೇಲ್ಗಡೆ ಒಸಡು ಬೆಳ್ಳಗಾಗೈತಲ್ಲವ್ವ" ಎಂದರು. ಅಣ್ಣ ಅಲ್ಲೇ ಕಾಫಿ ಕುಡಿಯುತ್ತಿದ್ದ. ಅರ್ಧ ಲೋಟ ಬಿಟ್ಟು ಎದ್ದು ಹೋದವನು ಮತ್ತೆ ಹೊಸಿಲು ದಾಟಲಿಲ್ಲ!

ಎಪ್ಪತ್ತರ ದಶಕದ ಕೊನೆಯ ಮಾತು. ಫೋನು ಎಂದರೆ ಪೋಸ್ಟಾಫೀಸಿಗೆ ಹೋಗಬೇಕು. ಆದರೆ ನಮ್ಮ ಮನೆ ಹಳೇಬೀಡಿನ ಬಸ್ಸು ಓಡಾಡುವ ರಸ್ತೆಯಲ್ಲೇ ಇತ್ತಲ್ಲ, ಅದೊಂದು ದೇವರ ದಯೆ. ಬಸ್ಸು ಊರಿಗೆ ಬರುವಾಗ ಅಣ್ಣನ ಪ್ರಶ್ನೆ ತರುತ್ತಿತ್ತು, ಹೋಗುವಾಗ ನನ್ನ ಉತ್ತರ ಒಯ್ಯುತ್ತಿತ್ತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳುವನು:

"ಅಕ್ಕಾರೆ, ನಿಮ್ಮಣ್ಣ ಕೇಳವ್ರೆ. ಮೇಲಾ, ಕೆಳಗಾ?"

"ಯಾವುದೂ ಇಲ್ಲ ಅಂತ ಹೇಳಪ್ಪ."

"ಇನ್ನೂವೇ?" ಎಂದು ಬಸ್ಸಿನೊಳಗಿಂದ ಯಾರೋ ಅಜ್ಜಿ. "ನಮ್ಮ ಮೊಮ್ಮಗ ಈ ವಯಸ್ಗೆ ಚಕ್ಕುಲಿ ಕಡೀತಿದ್ದ."

ಜಾವಗಲ್ಲು ಬರುವ ತನಕ ಬಸ್ಸಿನಲ್ಲಿ ಅದೇ ಮಾತಂತೆ. ಟಿಕೆಟ್ ಕೊಂಡ ಪಾಪಕ್ಕೆ ಎಲ್ಲರಿಗೂ ನನ್ನ ಮಗಳ ಒಸಡಿನ ಚಿಂತೆ!

ವರ್ಷ ತುಂಬಿದರೂ ಹಲ್ಲು ಬರದಿದ್ದಾಗ ಡಾಕ್ಟರ ಹತ್ತಿರ ಹೋದೆ. ಅವರು ನಕ್ಕರು. "ಗಾಬರಿ ಬೇಡಮ್ಮ. ಮಗು ನಿಮ್ಮ ಹೊಟ್ಟೆಯಲ್ಲಿದ್ದಾಗಲೇ ಹಾಲುಹಲ್ಲಿನ ಮೊಳಕೆ ಮೂಡಿರುತ್ತೆ. ದವಡೆಯೊಳಗೇ ಗಟ್ಟಿಯಾಗಿ, ಬೇರು ಬೆಳೀತಾ ಬೆಳೀತಾ ಒಸಡನ್ನು ದಾಟಿ ಹೊರಗೆ ಬರುತ್ತೆ. ಸಾಮಾನ್ಯವಾಗಿ ಕೆಳಗಿನವು ಮೊದಲು. ಕೆಲವು ಮಕ್ಕಳಿಗೆ ಮೇಲಿನವು. ಅದರಲ್ಲೇನೂ ಇಲ್ಲ."

ನನಗಂತೂ ಮೈ ಜುಮ್ಮೆಂದಿತು. ನಾನು ಬಸುರಿಯಾಗಿ ಹುರುಳಿ ಸಾರು ಉಣ್ಣುತ್ತಾ ಕೂತಿದ್ದಾಗ ಭಗವಂತ ಕತ್ತಲಲ್ಲಿ ಒಂದೊಂದೇ ಹಲ್ಲು ಜೋಡಿಸಿಡುತ್ತಿದ್ದನಲ್ಲ, ನನಗೆ ಒಂದು ಮಾತೂ ಹೇಳದೆ! ಡಾಕ್ಟರು ಹೇಳಿದ್ದನ್ನೆಲ್ಲ ಕಂಡಕ್ಟರಿಗೆ ಒಪ್ಪಿಸಿದೆ. ಮರುದಿನ ಅಣ್ಣನ ಜವಾಬು ಬಂತು:

"ಎಲ್ಲಾ ರೆಡಿ ಇದ್ಮೇಲೆ ಯಾಕೆ ಹೊರಟಿಲ್ಲ, ಡ್ರೈವರ್ ಬಂದಿಲ್ವಾ ಅಂತ ಕೇಳವ್ರೆ ಅಕ್ಕಾರೆ."

ಗೌರಿಹಬ್ಬದ ಬಾಗಿನವೂ ಕಂಡಕ್ಟರ ಕೈಯಲ್ಲೇ ಬಂತು. ಅಷ್ಟು ಕುಲುಕಾಡಿ ಬಂದರೂ ಒಂದು ಬಳೆಯೂ ಒಡೆದಿರಲಿಲ್ಲ, ಅದೂ ದಯೆಯೇ. ಆದರೆ ಬಾಗಿನ ತಂದ ಅಣ್ಣನ ಕಾಲಿಗೆ ಬೀಳಬೇಕಲ್ಲ, ಕಂಡಕ್ಟರ ಕಾಲಿಗೆ ಬೀಳುವುದು ಹೇಗೆ? ಬಸ್ಸು ಹೋದ ಮೇಲೆ ಧೂಳು ಅಡಗುವ ತನಕ ಅಲ್ಲೇ ನಿಂತಿದ್ದೆ.

ಒಂದು ಸಲ ಟೈರು ಟ್ಯೂಬು ಕೊಳ್ಳಲು ಅರಸೀಕೆರೆಗೆ ಬಂದವನು ರಸ್ತೆಯ ಆಚೆ ಬದಿಯಲ್ಲಿ ಕಾಣಿಸಿಕೊಂಡ. ಕುತ್ತಿಗೆಗೆ ಹಾರದ ಹಾಗೆ ಟೈರು. ನಾನು ಮಗುವನ್ನೆತ್ತಿಕೊಂಡು ಹೊರಗೆ ಬಂದೆ.

"ಬಾಯಿ ಈ ಕಡೆ ತಿರುಗಿಸ್ಬೇಡ ಕಣವ್ವ" ಎಂದು ಕೂಗಿದ. "ಬೆನ್ನು ತೋರ್ಸು."

ತೋರಿಸಿದೆ.

"ಬೆನ್ನು ಚೆನ್ನಾಗಿ ತುಂಬ್ಕೊಂಡೈತೆ" ಎಂದ. ನಮ್ಮತ್ತೆ ಕಿಟಕಿಯಿಂದ, "ಹೆಣ್ಣು ನೋಡೋಕೆ ಬಂದೋರು ಹಿಂಗೆ ನೋಡಿದ್ದು ನಾ ಕಾಣೆ ಕಣಪ್ಪ" ಎಂದರು. ಅವನು ನಗಲಿಲ್ಲ. ಬಾಳೆಹಣ್ಣಿನ ಚೀಲವನ್ನು ಮೋರಿಕಟ್ಟೆಯ ಮೇಲಿಟ್ಟು ಹೊರಟುಬಿಟ್ಟ. ಊಟ ಆಯಿತೇ ಎಂದು ಕೇಳಲೂ ಬಿಡಲಿಲ್ಲ. ಹಣ್ಣನ್ನು ದೇವರ ಮುಂದಿಟ್ಟೆ. ಮಾಲೇಕಲ್ಲಿನ ಬೆಟ್ಟದ ದಿಕ್ಕಿಗೆ ತಿರುಗಿ ಬೇಡಿಕೊಂಡೆ: ಸ್ವಾಮಿ, ಕೆಳಹಲ್ಲೇ ಬರಲಿ, ನಮ್ಮಣ್ಣ ಒಂದು ಸಲ ಒಳಗೆ ಬಂದು ಕೂರಲಿ.

ಬಂದದ್ದು ಮೇಲ್ಹಲ್ಲು.

ರಾಗಿ ಸರಿ ತಿನ್ನಿಸುವಾಗ ಚಮಚ 'ಟಿಣ್' ಎಂದಿತು. ಬೆರಳಿಟ್ಟು ನೋಡಿದೆ, ಅಕ್ಕಿನುಚ್ಚಿನಷ್ಟು ಚೂಪು. ಕೆಳಗೆಲ್ಲ ಹುಡುಕಿದೆ, ಏನೂ ಇಲ್ಲ. ನಮ್ಮತ್ತೆಯ ಮುಖ ಸಪ್ಪಗಾಯಿತು.

"ಕೆಳಗೆ ಅಂತ ಹೇಳ್ಬಿಡವ್ವ. ದೇವರೇನೂ ಅನ್ಕಳಲ್ಲ."

ಹೇಳಬಹುದಿತ್ತು. ಹೇಳಿದರೆ ಇವತ್ತೇ ಬರುತ್ತಿದ್ದ. ನಿಜ ಹೇಳಿದರೆ ಇನ್ನೆಂದೂ ಬರಲಿಕ್ಕಿಲ್ಲ. ಆದರೆ ಈಗಷ್ಟೇ ದೀಪ ಹಚ್ಚಿ ಎದ್ದಿದ್ದೆ, ಅದೂ ಒಡಹುಟ್ಟಿದವನಿಗೆ ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಬಸ್ಸು ನಿಂತಾಗ, "ಮೇಲೆ ಅಂತ ಹೇಳಪ್ಪ" ಎಂದೆ. ಕಂಡಕ್ಟರ್ ರೈಟ್ ಅನ್ನುವುದನ್ನೂ ಮರೆತು ನಿಂತಿದ್ದ.

ಅದೇ ಬಸ್ಸು ಮಧ್ಯಾಹ್ನ ತಿರುಗಿ ಬಂದಾಗ ಅಣ್ಣ ಇಳಿದ. ಕೈಯಲ್ಲಿ ಇನ್ನೂ ಸೈಕಲ್ಲಿನ ಗ್ರೀಸು. ಸೀದಾ ಒಳಗೆ ಬಂದು, ನಮ್ಮತ್ತೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ಬಾಯಿ ತೆರೆಸಿ ನೋಡಿದ.

"ಹಂಗೆ ನೇರವಾಗಿ ನೋಡ್ಬಾರದಪ್ಪ" ಎಂದು ಅತ್ತೆ ಹೌಹಾರಿದರು. "ದೋಷ ತಟ್ಟದಂಗೆ ಮೊದ್ಲು ಎಣ್ಣೆ ಬಟ್ಟಲಲ್ಲಿ ಮಗೀನ ಮುಖ ನೋಡ್ಬೇಕು."

"ಎಣ್ಣೇಲಿ ಯಾಕತ್ತೆ? ಇವಳೇನು ಬೋಂಡಾನಾ?"

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಇಷ್ಟು ದಿನ ಹೆದರ್ಕೊಂಡು ದೂರ ನಿಂತಿದ್ಯಲ್ಲಣ್ಣ, ಈಗ ಏನಾಯ್ತು?" ಎಂದೆ.

ಅವನು ಗೋಡೆಗೊರಗಿ ಕೂತ. "ನಂಗೇನಾಗ್ತದೋ ಅಂತ ಹೆದರಿದ್ದೆ ಅಂದ್ಕೊಂಡ್ಯಾ? ನಂಗೂ ಮೇಲಿಂದೇ ಮೊದ್ಲು ಬಂದಿದ್ದು ಕಣವ್ವ. ನೀನಿನ್ನೂ ಹುಟ್ಟಿರಲಿಲ್ಲ. ಅದೇ ವರ್ಷ ಗೆಂಡೆಹಳ್ಳಿ ಮಾವ, ಅಮ್ಮನ ತಮ್ಮ, ಎಂಥದ್ದೋ ಜ್ವರ ಬಂದು ಹೋಗ್ಬಿಟ್ಟ. ಮಾವನ್ನ ತಿಂದೋನು ಅಂದ್ರು. ಅಮ್ಮ ತವರಿಗೆ ಹೋಗುವಾಗೆಲ್ಲ ನನ್ನ ಪಕ್ಕದ ಮನೇಲಿ ಬಿಟ್ಟು ಹೋಗೋಳು. ನಮ್ಮಜ್ಜಿ ಸಾಯೋಗಂಟ ನನ್ನ ಮುಟ್ಟಲಿಲ್ಲ."

ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನೋಡ್ದಿದ್ರೆ ತಟ್ಟಲ್ಲ ಅಂತಾರಲ್ಲ. ದೂರದಲ್ಲೇ ಇದ್ರೆ, ನಾಳೆ ನಾನು ಸೈಕಲ್ಲಿಂದ ಬಿದ್ರೂ ಆ ಮಾತು ಇವಳ ಮೇಲೆ ಬರಲ್ಲ ಅಂದ್ಕೊಂಡಿದ್ದೆ. ಈಗ ಮೇಲಿಂದೇ ಬಂತು, ಊರಿಗೆಲ್ಲ ಗೊತ್ತಾಯ್ತು. ಇನ್ಮೇಲೆ ಇವಳನ್ನ ಎತ್ಕೊಳ್ಳೋಕೆ ಜನ ಹಿಂದೆಮುಂದೆ ನೋಡ್ತಾರೆ. ಅದಕ್ಕೆ, ಮೊದ್ಲು ಮಾವನೇ ಎತ್ಕೊಳ್ಳಲಿ ಅಂತ ಬಂದೆ. ನಂಗೆ ಹಂಗೆ ಯಾರೂ ಬರ್ಲಿಲ್ಲ."

ಮಗು ಅವನ ತೊಡೆಯ ಮೇಲೆ ನಿದ್ದೆಹೋಯಿತು. ಸಾಯಂಕಾಲದ ಬಸ್ಸು ಮನೆ ಮುಂದೆ ನಿಂತು, ಕಾದು, ಹೊರಟಿತು. ಅವನು ಏಳಲಿಲ್ಲ. ಕಾಲು ಜೋಮು ಹಿಡಿದಿರಬೇಕು.

"ಕೊಡಣ್ಣ, ಒಳಗೆ ಮಲಗಿಸ್ತೀನಿ" ಎಂದೆ.

"ಇರ್ಲಿ ಬಿಡವ್ವ" ಎಂದ.

ನಾನು ಅಡಿಗೆಮನೆಗೆ ಹೋಗಿ ಇನ್ನೊಂದು ಪಾವು ಅಕ್ಕಿ ತೊಳೆದಿಟ್ಟೆ.