ಮೋಟಾರಿನ ಬಾಯಿಗೆ ತಂಬಿಟ್ಟು

ಊರಿನಲ್ಲಿ ಮೋಟಾರು ಇಟ್ಟುಕೊಂಡವನಷ್ಟು ಪಾಪಿ ಇನ್ನೊಬ್ಬನಿಲ್ಲ. ಹಿರಿಯೂರಿನಲ್ಲಿ ಆ ಪಾಪಿ ನಾನೊಬ್ಬನೇ. ಕೊಬ್ಬರಿ ವ್ಯಾಪಾರದಲ್ಲಿ ಕೈಗೆ ನಾಲ್ಕು ಕಾಸು ಬಂದದ್ದೇ ತಡ, ತನ್ನ ಸೀಮೆಗೆ ಹೊರಟಿದ್ದ ಬೆಂಗಳೂರಿನ ಬಿಳಿ ದೊರೆಯೊಬ್ಬನ ಹಳೇ ಮೋಟಾರನ್ನು ಕೊಂಡು ತಂದೆ. (ದೊರೆ ಅಷ್ಟೊಂದು ನಗುತ್ತ ಏಕೆ ಕೈಕುಲುಕಿದ ಎಂಬುದು ಆಮೇಲೆ ತಿಳಿಯಿತು.) ಅಂದಿನಿಂದ ಯಾರ ಮನೆಯಲ್ಲಿ ಮದುವೆಯಾಗಲಿ, ಯಾರಿಗೆ ಹೊಟ್ಟೆನೋವು ಬರಲಿ, ಬಡಿಯುವುದು ನನ್ನ ಬಾಗಿಲನ್ನೇ.

ಆ ಬುಧವಾರ ಯಲ್ಲದಕೆರೆಯಲ್ಲಿ ನನ್ನ ನಾದಿನಿ ಕಮಲಮ್ಮನ ಕುಬುಸ. ಚೊಚ್ಚಲ ಬಸಿರು. ತೌರಿನವರು ಹಸಿರು ಸೀರೆ, ಕುಬುಸ, ತಂಬಿಟ್ಟು ತಂದು ಮೊದಲು ಉಡಿ ತುಂಬಬೇಕು. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಹೆತ್ತತಾಯಿ ಬರದಿದ್ದರೆ ಬೀಗಿತ್ತಿಯೇ ಮುಂದೆ ನಿಂತು ಉಡಿ ತುಂಬಿಬಿಡುವುದಾಗಿ ಹೇಳಿಕಳಿಸಿದ್ದರು. ನಮ್ಮ ಅತ್ತೆ ಅನ್ನಪೂರ್ಣಮ್ಮನವರು ಅದನ್ನು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ತಂಬಿಟ್ಟಿನ ಬುಟ್ಟಿ ಹೊತ್ತುಕೊಂಡು ಹಿಂದಿನ ದಿನವೇ ನಮ್ಮ ಮನೆಗೆ ಬಂದಿಳಿದಿದ್ದರು.

ನಮ್ಮ ಕಡೆ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ಹಾಗಿಲ್ಲ, ಅಳಿಯ ಅತ್ತೆಗೆ ಎದುರಾಡುವ ಹಾಗಿಲ್ಲ. ಏನಿದ್ದರೂ ಮಗಳ ಮೂಲಕವೇ ದರಬಾರು ನಡೆಯಬೇಕು. ಮದುವೆಯಾದಾಗಿನಿಂದ ಅತ್ತೆಯವರ ಸೆರಗನ್ನು ಕಂಡಿದ್ದೆನೇ ಹೊರತು ದನಿ ಕೇಳಿದ್ದು ಕಡಿಮೆ.

ಬೆಳಿಗ್ಗೆ ಹೊರಟೆವು. ಅರ್ಧ ದಾರಿಯವರೆಗೆ ಮೋಟಾರು ಮರ್ಯಾದೆಯಿಂದ ಬಂತು. ಆಮೇಲೆ ಮುಸುಡಿಯೊಳಗೆ ಬುಸ್ಸೆಂದಿತು, ಕೆಮ್ಮಿತು, ನಿಂತಿತು. ನಾನು ಇಳಿದು ಮುಚ್ಚಳ ಎತ್ತಿ, ಮತ್ತೆ ಹ್ಯಾಂಡಲ್ ತಿರುಗಿಸಿ ಕಿವಿಗೊಟ್ಟೆ. ಗಾಳಿಯೂ ಪೆಟ್ರೋಲೂ ಬೆರೆತು ಇಂಜಿನಿಗೆ ಹೋಗುವ ಕೊಳವೆಯ ಸಂದು ಸಡಿಲವಾಗಿತ್ತು. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು. ತಿರುಪನ್ನು ಎಷ್ಟು ಬಿಗಿದರೂ ಸಂದು ಕೂಡಲಿಲ್ಲ.

"ಒಂದು ತಂಬಿಟ್ಟು ಕೊಡು" ಎಂದೆ ಹೆಂಡತಿ ಶಿವಗಂಗಮ್ಮನಿಗೆ.

"ಈಗ್ಲೇ ಹಸಿವಾತಾ? ಉಡಿಗೆ ಇಡೋದು ಅದು!"

"ನನಗಲ್ಲ ಮಾರಾಯ್ತಿ, ಮೋಟಾರಿಗೆ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ನಾನು ಬೆಲ್ಲದ ಅಂಟಿನ ಆ ತಂಬಿಟ್ಟನ್ನು ನೀರು ಹಾಕಿ ನಾದಿ, ಸಂದಿಗೆ ಮೆತ್ತಿ, ಮೇಲೆ ನನ್ನ ಶಲ್ಯ ಹರಿದು ಸುತ್ತಿದೆ. ಹ್ಯಾಂಡಲ್ ತಿರುಗಿಸಿದರೆ ಮೋಟಾರು ಓಡತೊಡಗಿತು, ಬುಸುಗುಟ್ಟುವುದು ನಿಂತಿತು! ಆ ಕ್ಷಣದಲ್ಲಿ ನಾನು ಸಾಕ್ಷಾತ್ ವಿಶ್ವಕರ್ಮನಾಗಿದ್ದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೆಳಗೆ ಇನ್ನೊಂದು ಕಡೆ ಸುರ್ರೆಂಬ ಸಣ್ಣ ಸದ್ದು ಕೇಳಿಸಿತು. ನೋಡಿದರೆ ಅಗಲವಾದ ಒಂದು ತೂತು! ದೊರೆಯ ಅಜಾಗರೂಕತೆಗೆ ಮರುಗುತ್ತ ಇನ್ನೆರಡು ತಂಬಿಟ್ಟು ಇಸಕೊಂಡು ಅದನ್ನೂ ಗಟ್ಟಿಯಾಗಿ ಮುಚ್ಚಿದೆ.

ಮೋಟಾರು ಗಪ್ಪನೆ ನಿಂತಿತು. ಹ್ಯಾಂಡಲ್ ತಿರುಗಿಸಿದೆ. ಊಹ್ಞೂಂ. ಬೆವರು ಸುರಿಯಿತು, ಕಚ್ಚೆ ಸಡಿಲವಾಯಿತು, ಮೋಟಾರು ಮಾತ್ರ ಮಿಸುಕಲಿಲ್ಲ.

ಅತ್ತೆಯವರು ಇಳಿದು ಬಂದು, ನನಗೆ ಬೆನ್ನು ಹಾಕಿ ಮಗಳ ಕಿವಿಯಲ್ಲಿ ಏನೋ ಉಸುರಿದರು.

"ಅಮ್ಮ ಅಂತೈತೆ, ಆ ತೂತು ಬಿಚ್ಚಬೇಕಂತೆ."

"ಒಲೆ ಮುಂದೆ ಕೂರುವವರಿಗೆ ಮೋಟಾರಿನ ವಿಷಯ ಏನು ಗೊತ್ತು ಅಂತ ಕೇಳು ನಿಮ್ಮಮ್ಮನನ್ನು."

(ಅತ್ತೆ ನಿಂತಿದ್ದದ್ದು ನನ್ನಿಂದ ಎರಡು ಮೊಳ ದೂರದಲ್ಲಿ.)

ಮತ್ತೆ ಉಸುರಿದರು. "ಒಲೆಗೂ ಕಂಡಿ ಐತಂತೆ. ಅದನ್ನ ಮುಚ್ಚಿದ್ರೆ ಬೆಂಕಿ ಹತ್ತಲ್ವಂತೆ."

"ಇದು ಸೌದೆ ಒಲೆಯಲ್ಲ, ಸೀಮೆಯ ಯಂತ್ರ ಅಂತ ಹೇಳು."

"ನೀವೇ ಹೇಳ್ರಿ! ನಾನೇನು ಟಪಾಲಿನೋಳಾ?"

ಅಷ್ಟರಲ್ಲಿ ಹಿಂದಿನಿಂದ ನಮ್ಮೂರ ಗೊಲ್ಲಪ್ಪನ ಎತ್ತಿನ ಗಾಡಿ ಬಂತು. "ಯಾಕ್ ಸ್ವಾಮಿ, ನಿಮ್ ಮೋಟಾರು ಮೇವು ಕೇಳ್ತೈತಾ?" ಎಂದು ನಗುತ್ತ ನಮ್ಮನ್ನು ದಾಟಿ ಹೋದ. ಅತ್ತೆಯವರು ನೆತ್ತಿಗೇರುತ್ತಿದ್ದ ಸೂರ್ಯನನ್ನು ನೋಡಿದರು, ಬುಟ್ಟಿಯಲ್ಲಿದ್ದ ಹಸಿರು ಸೀರೆಯನ್ನು ನೋಡಿದರು. ಕಣ್ಣು ತುಂಬಿ ಬಂತು. ಮರುಕ್ಷಣವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಸರೀರಿ ಅತ್ಲಾಗೆ! ಮೂಗೂ ಬಾಯೀ ಮುಚ್ಚಿ ಏಳು ಅಂದ್ರೆ ಹೆಣ ಏಳ್ತೈತಾ?"

ನಾನು ಸರಿದೆ. ಎಲ್ಲಿಂದ ಎಲ್ಲಿಗೆ ಸರಿದೆನೋ ನನಗೇ ತಿಳಿಯದು. ಅತ್ತೆ ಬೆರಳು ಹಾಕಿ ತೂತಿನ ತಂಬಿಟ್ಟನ್ನೆಲ್ಲ ಗೀರಿ ತೆಗೆದರು. "ಈಗ ತಿರುವ್ರಿ" ಎಂದರು. ತಿರುವಿದೆ. ಒಂದೇ ಸುತ್ತಿಗೆ ಮೋಟಾರು ಗುಡುಗಿತು. ಸಂದಿಯ ಪಟ್ಟಿ ಭದ್ರವಾಗಿತ್ತು. ಆಗ ನನಗೂ ಹೊಳೆಯಿತು: ಕೆಳಗಿನ ಆ ತೂತು ಮೋಟಾರು ಉಸಿರು ಎಳೆದುಕೊಳ್ಳುವ ಮೂಗು, ಕೊಳವೆಯ ಸಂದಿಯನ್ನಷ್ಟೇ ಮುಚ್ಚಬೇಕಿತ್ತು.

ರಾಹುಕಾಲಕ್ಕೆ ಮುಂಚೆಯೇ ಯಲ್ಲದಕೆರೆ ಸೇರಿದೆವು. ಅತ್ತೆ ಮಗಳ ಉಡಿ ತುಂಬಿ, ಗಲ್ಲಕ್ಕೆ ಅರಿಶಿನ ಹಚ್ಚಿ, ಮನಸಾರೆ ಅತ್ತರು. ಅಲ್ಲಿಗೆ ಎಲ್ಲ ಸುಖಾಂತವೆಂದುಕೊಂಡೆ.

ಆದರೆ ಒಮ್ಮೆ ಹರಿದ ಕಟ್ಟೆಗೆ ಮಣ್ಣು ಹಾಕುವವರು ಯಾರು? ಹಿಂದಿರುಗುವ ದಾರಿಯುದ್ದಕ್ಕೂ ಅತ್ತೆ ನನ್ನ ಬೆನ್ನ ಹಿಂದೆ ಕೂತು ನನ್ನೊಂದಿಗೇ ಮಾತಾಡಿದರು. "ಅಳಿಯಂದ್ರೇ, ಗುಂಡಿ ನೋಡ್ರಿ. ಅಳಿಯಂದ್ರೇ, ಎಮ್ಮೆ ಐತೆ." ಅವರು ಮುರಿದದ್ದು ಅವರ ಪಾಲಿನ ಪದ್ಧತಿ. ನನ್ನ ಪಾಲಿನದು ಇನ್ನೂ ಗಟ್ಟಿಯಾಗಿತ್ತು. ಅತ್ತೆಗೆ ಎದುರಾಡಿದ ಅಳಿಯ ನಮ್ಮ ವಂಶದಲ್ಲೇ ಇಲ್ಲ.

ಊರು ಹತ್ತಿರವಾದಾಗ ಹೇಳಿದರು: "ಹಿರಿಯೂರಾಗೆ ಆಸ್ಪತ್ರೆ ಐತೆ. ಕಮಲಿ ಹೆರಿಗೆ, ಬಾಣಂತನ ಎಲ್ಲಾ ನಿಮ್ಮನೇಲೇ ಆಗ್ಲಿ. ನಾನೂ ಅಲ್ಲೇ ಇರ್ತೀನಿ. ಏನಂತೀರಿ?"

ನಾನು ಹೆಂಡತಿಯ ಕಡೆ ದೀನನಾಗಿ ನೋಡಿದೆ. ಆಕೆ ಬೇಲಿಯ ಕಡೆ ನೋಡುತ್ತಿದ್ದಳು.

"ನೋಡೇ ಶಿವಗಂಗಾ, ಬಂಗಾರದಂಥ ಅಳಿಯ! ಬ್ಯಾಡ ಅಂತ ಒಂದ್ ಮಾತು ಅನ್ನಲಿಲ್ಲ" ಎಂದರು ಅತ್ತೆ.

ಬಾಣಂತಿಗೆಂದು ನನ್ನ ಕೋಣೆ ಖಾಲಿಯಾಗಿದೆ. ಜಗಲಿಯಲ್ಲಿ ಅತ್ತೆಯವರ ಹಾಸಿಗೆ ಇದೆ. ನಾನು ಈಗ ಮೋಟಾರಿನಲ್ಲಿ ಮಲಗುತ್ತಿದ್ದೇನೆ.