ದಬ್ಬಣದಲ್ಲಿ ಹೊಲಿದ ದೀಪ

ನಮ್ಮ ಸೋದರಮಾವನಿಗೆ ನೆಟ್ಟಗೆ ಒಂದು ವಿಳಾಸವಿಲ್ಲ. ಆದರೆ ಆ ಇಲ್ಲದ ವಿಳಾಸಕ್ಕೆ ದೀಪಾಲಂಕಾರ ಬೇಕೇ ಬೇಕು! ಬೇಸಿಗೆ ಬಂತೆಂದರೆ ಗೌರಸಮುದ್ರ ಬಿಟ್ಟು, ಬಿ.ಜಿ. ಕೆರೆ ಸುತ್ತಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾ ಹೋಗುತ್ತಾರೆ. ಎರಡು ದಿನಕ್ಕೊಂದು ಹೊಲ. ಅಲ್ಲಿ ಮನೆಯೆಂದರೆ ಒಂದು ಹಳೆಯ ವ್ಯಾನು, ಅದರ ಪಕ್ಕಕ್ಕೆ ಚಾಚಿ ಕಟ್ಟಿದ ತಾಡಪಾಲು. ಅಡುಗೆ, ಊಟ, ಜಗಳ ಎಲ್ಲ ಅದರಡಿಯಲ್ಲೇ.

ಈ ಸಲ ಹೊರಡುವ ಮುಂಚೆ ಅತ್ತೆ, "ನಂಗೆ ಮೊಣಕಾಲು ನೋವು. ನಾನ್ ಬರಲ್ಲ, ನೀವೇ ಹೋಗ್ರಿ" ಅಂದುಬಿಟ್ಟರು. ಮದುವೆಯಾದಾಗಿನಿಂದ ಜೊತೆಗೆ ತಿರುಗಿದ ಹೆಂಡತಿ! ಮಾವ ಡಾಕ್ಟರ ಹತ್ತಿರ ಕರೆದೊಯ್ದರೇ? ಇಲ್ಲ. ನನ್ನನ್ನು ಹೊರಡಿಸಿಕೊಂಡು ಚಳ್ಳಕೆರೆಗೆ ಹೋಗಿ ಎಲ್‌ಇಡಿ ದೀಪದ ಪಟ್ಟಿ ಕೊಂಡರು.

ಅಂಗಡಿಯವನು ಎಷ್ಟು ಮೀಟರ್ ಎಂದ. "ಹದಿನಾಲ್ಕು ಮೊಳ" ಎಂದ ಮಾವ, ಅವನ ಕೈ ಗಿಡ್ಡವೆಂದು ತಮ್ಮದೇ ಕೈಯಲ್ಲಿ ಅಳೆದುಕೊಂಡರು.

"ಹಿಂದೆ ಅಂಟೈತೆ ಯಜಮಾನ್ರೆ. ಕಾಗದ ಕಿತ್ತು ಒತ್ತಿದ್ರಾತು."

ಊರಿಗೆ ಬಂದು, ಮನೆಯಂಗಳದಲ್ಲಿ ನಿಂತಿದ್ದ ವ್ಯಾನಿನ ತಾಡಪಾಲಿಗೆ ಒತ್ತಿದೆವು. ವರ್ಷಗಟ್ಟಲೆ ಒಗ್ಗರಣೆಯ ಜಿಡ್ಡು ಕುಡಿದ ತಾಡಪಾಲಿಗೆ ಅಂಟು ಯಾವ ಲೆಕ್ಕ? ಪಟ್ಟಿ ಕಳಚಿ ಬಿತ್ತು. ಅದರ ತುದಿಗೆ ಒಂದು ಮೇಕೆ ಬಾಯಿ ಹಾಕಿತು. ಮೇಕೆಯ ಬಾಯಿಂದ ಪಟ್ಟಿ ಬಿಡಿಸಿಕೊಂಡ ಮಾವ, ಶೇಂಗಾ ಚೀಲ ಹೊಲಿಯುವ ದಬ್ಬಣ ತೆಗೆದರು.

"ಮಾವ, ತೂತಾದ್ರೆ ಕರೆಂಟ್ ಹರಿಯಲ್ಲ ಕಣ್ರಿ."

"ಚೀಲ ಹೊಲಿದ್ರೆ ಒಳಗಿನ ಶೇಂಗಾ ಕೆಡ್ತೈತೇನಲೇ? ಸುಮ್ನೆ ಆ ತುದಿ ಹಿಡ್ಕ."

ಸಂಜೆ ಬ್ಯಾಟರಿಗೆ ತಂತಿ ಕೊಟ್ಟರೆ, ದಬ್ಬಣ ಹೊಕ್ಕ ಕಡೆಯೆಲ್ಲ ಮೂರು ಮೂರು ದೀಪ ಸತ್ತಿದ್ದವು. ಹಲ್ಲುದುರಿದ ಅಜ್ಜ ನಕ್ಕಂತಿತ್ತು. ನಾನೂ ನಕ್ಕೆ. ಮಾವ ನಗಲಿಲ್ಲ.

"ಬೇರೆ ತರಾನ" ಎಂದರು. ಆಮೇಲೆ ದನಿ ತಗ್ಗಿಸಿದರು. "ಹೋದ್ವರ್ಷ ನಿಮ್ಮತ್ತೆ ಸಂಜೆ ನೀರಿಗೆ ಹೋದೋಳು, ಕಣ್ಣು ಮಂಜಾಗಿ ದಾರಿ ತಪ್ಪಿದ್ಲು. ಎಲ್ಲಾರ ಹೊಲದಾಗೂ ಒಂದೊಂದು ದೀಪ. ನಮ್ದು ಯಾವ್ದು ಅಂತ ಗೊತ್ತಾಗ್ದೆ ಅಳ್ತಾ ಕುಂತಿದ್ಲು. ಆವತ್ತಿಂದ ಮೊಣಕಾಲು ನೋವು."

ಇಷ್ಟು ದಿನ ಈ ಮನುಷ್ಯನನ್ನು ತಿಕ್ಕಲೆಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅತ್ತೆ ಆಗಲೇ ಅಂಗಳದಾಚೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಬೇರೆ ಯಾಕೆ? ಇದೇ ಇರ್ಲಿ. ಕುರಿ ಕಿವಿಗೆ ಗುರುತು ಕೊಯ್ದಂಗೈತೆ. ಇಂಥಾದ್ದು ಇನ್ನೊಬ್ರ ಹತ್ರ ಎಲ್ಲಿರ್ತೈತೆ?"

ಮನೆಯೊಳಗೆ ಹೋಗಿ ತಮ್ಮ ನೀರಿನ ಕೊಡ ತಂದು ವ್ಯಾನಿನಲ್ಲಿಟ್ಟರು.

"ಮೊಣಕಾಲು?" ಎಂದರು ಮಾವ.

"ದೀಪ ಆರಿಸ್ರಿ. ಬ್ಯಾಟರಿ ಇಳೀತೈತೆ."